ನಾಳೆ ನೀನೇ ಗೋಟ್

"ಗೋಟ್ ಅಂದ್ರೆ ಮೇಕೆ ಅಲ್ಲ ಕಣಯ್ಯ. ಅಷ್ಟೂ ಗೊತ್ತಿಲ್ದಲೆ ಒಡಹುಟ್ಟಿದೋನ ತಲೆ ಒಡ್ದುಬುಟ್ಯಾ?"

ಇನ್‌ಸ್ಪೆಕ್ಟರ್ ನಟರಾಜು ಲಾಕಪ್ಪಿನ ಕಂಬಿಗೆ ಲಾಠಿಯ ತುದಿಯಿಂದ ಮೆಲ್ಲಗೆ ತಟ್ಟಿದ. ಒಳಗೆ ಗೋಡೆಗೆ ಒರಗಿ ಕುಳಿತಿದ್ದ ರಸೂಲ್ ತಲೆ ಎತ್ತಲಿಲ್ಲ. ಅವನ ಬೆರಳ ಸಂದಿಯಲ್ಲಿ ಅರಗಿನ ಕೆಂಪು ಬಣ್ಣ ಇನ್ನೂ ಕಚ್ಚಿಕೊಂಡಿತ್ತು.

"ನಾನು ಹೊಡೀಲಿಲ್ಲ ಸಾಬ್. ನಾನು ಹೋದಾಗ್ಲೇ ಬಿದ್ದಿದ್ದ. ಎತ್ಕೊಂಡೆ, ಅಷ್ಟೇಯ."

"ಟೀ ಅಂಗಡೀಲಿ ಗ್ಲಾಸ್ ಒಡೆದಿದ್ದೂ ನೀನಲ್ವಾ?"

"ಅದು ನಾನೇ."

"ಯಾಕೆ ಒಡೆದೆ?"

ರಸೂಲ್ ಬೆರಳಿನ ಕೆಂಪನ್ನು ಉಗುರಿನಿಂದ ಕೆರೆದ. ಆಮೇಲೆ ತನಗೆ ತಾನೇ ಹೇಳಿಕೊಳ್ಳುವಂತೆ, "ಕೈ ಹಿಡಿದು ಲೇತ್ ಕಲಿಸಿದೋನು ನಾನು. ಹೆಸರು ಅವನಿಗೆ ಬಂತು. ಹೊಟ್ಟೆ ಉರೀತು," ಎಂದ.

ಬಾಗಿಲ ಬಳಿ ನಿಂತಿದ್ದ ಸಬ್ ಇನ್‌ಸ್ಪೆಕ್ಟರ್ ಶ್ವೇತಳಿಗೆ ಆ ಮಾತು ಎಲ್ಲೋ ತಗುಲಿತು. ಅವಳು ಮುಖ ಆಚೆಗೆ ತಿರುಗಿಸಿದಳು.

ಮೊನ್ನೆ ಮಧ್ಯಾಹ್ನ ಚನ್ನಪಟ್ಟಣದ ತನ್ನ ಬೊಂಬೆ ವರ್ಕ್‌ಶಾಪಿನಲ್ಲಿ ಅತೀಕ್ ತಲೆ ಒಡೆದು ಬಿದ್ದಿದ್ದ. ಅಂಗಿಯೆಲ್ಲ ರಕ್ತ ಮಾಡಿಕೊಂಡು ಬೀದಿಗೆ ಓಡಿ ಬಂದವನು ಅವನ ಅಣ್ಣ ಈ ರಸೂಲ್. ಸಂಜೆಯೊಳಗೆ ನಟರಾಜು ಅವನನ್ನು ಒಳಗೆ ಹಾಕಿ ಟೀವಿಯವರ ಮುಂದೆ ನಿಂತಿದ್ದ.

ಕಾರಣವೂ ಸಿಕ್ಕಿತ್ತು. ಅತೀಕ್ ಮರ ತಿರುಗಿಸುವ ಲೇತಿನ ಮುಂದೆ ಕುಳಿತು ನವಿಲು ಕಡೆಯುವ ಒಂದು ವಿಡಿಯೋ ದೇಶದ ತುಂಬಾ ಓಡಾಡಿತ್ತು. ಅದರ ಕೆಳಗೆ ಸಾವಿರಾರು ಜನ ಒಂದೇ ಪದ ಬರೆದಿದ್ದರು: ಗೋಟ್, ಗೋಟ್, ಗೋಟ್. ರಸೂಲ್ ಟೀ ಅಂಗಡಿಯಲ್ಲಿ ಅದನ್ನು ಓದಿ, "ನೋಡ್ರಪ್ಪಾ, ನಮ್ಮ ಅತೀಕನ್ನ ಲೋಕವೆಲ್ಲ ಮೇಕೆ ಅಂತೈತೆ," ಎಂದು ತೊಡೆ ತಟ್ಟಿಕೊಂಡು ನಕ್ಕನಂತೆ. ಪಕ್ಕದವರು ಯಾರೋ ಅದು ಬೈಗುಳವಲ್ಲ, ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ ಎಂದು ಬಿಡಿಸಿ ಹೇಳಿದರು. ನಗು ನಿಂತಿತು. ಕೈಯಲ್ಲಿದ್ದ ಗ್ಲಾಸು ಗೋಡೆಗೆ ಹೋಗಿ ಬಡಿಯಿತು. ನೋಡಿದವರು ಅಂಗಡಿಯ ತುಂಬಾ ಇದ್ದರು.

"ಗ್ರೇಟೆಸ್ಟ್ ಆಫ್ ಆಲ್ ಟೈಮ್," ಎಂದ ನಟರಾಜು, ತನ್ನ ಕೋಣೆಗೆ ಬಂದು ಕುರ್ಚಿಗೆ ಒರಗುತ್ತ. "ನಾಲ್ಕು ಪದದ ಮೊದಲಕ್ಷರ ಸೇರ್ಸಿದ್ರೆ ಗೋಟ್. ಎಲ್ಲ ಕಾಲಕ್ಕೂ ಇವನೇ ದೊಡ್ಡೋನು ಅಂತ. ಕ್ರಿಕೆಟ್ ನೋಡೋ ಹುಡುಗ್ರಿಗೆಲ್ಲ ಗೊತ್ತು. ನೀನು ಹಳೇ ಕಾಲದೋಳು ಶ್ವೇತ."

"ಬೇರೆ ಅರ್ಥ ಏನೂ ಇಲ್ವಾ ಸರ್?"

"ಇಲ್ಲ. ಇರೋದು ಅದೊಂದೇ."

ಅವನು ಹಾಗೆ ಖಚಿತವಾಗಿ ಮಾತಾಡಿದಾಗಲೆಲ್ಲ ಅವಳಿಗೆ ಮೈ ಉರಿಯುತ್ತಿತ್ತು. ಇಬ್ಬರೂ ಒಂದೇ ಬ್ಯಾಚು. ತರಬೇತಿಯಲ್ಲಿ ಕಾನೂನಿನ ಪಾಠಕ್ಕೆ ಅವಳು ಮೊದಲು, ಗುಂಡು ಹಾರಿಸುವುದಕ್ಕೆ ಅವಳು ಮೊದಲು. ಭುಜದ ಮೇಲೆ ಮೂರನೇ ನಕ್ಷತ್ರ ಮಾತ್ರ ಅವನಿಗೆ ಮೊದಲು ಬಂತು. ಈಗ ಸ್ಟೇಷನ್ನಿನ ವಾಟ್ಸಾಪ್ ಗುಂಪಿನಲ್ಲಿ ಅವನ ಫೋಟೋಗೆ ಕಿರೀಟ ತೊಡಿಸಿ, 'ನಮ್ಮ ಚನ್ನಪಟ್ಟಣದ ಗೋಟ್' ಎಂದು ಬರೆದಿದ್ದರು. ಅವಳೂ ಹಲ್ಲು ಕಚ್ಚಿಕೊಂಡೇ ಒಂದು ಚಪ್ಪಾಳೆಯ ಚಿತ್ರ ಒತ್ತಿದ್ದಳು.

ಬೆಳಿಗ್ಗೆ ದೊಡ್ಡಮಳೂರಿನಿಂದ ಅಮ್ಮ ಫೋನು ಮಾಡಿದ್ದಳು. "ಆ ನಟರಾಜು ಟೀವೀಲಿ ಬಂದಿದ್ದ ಕಣೆ. ಎಷ್ಟು ಲಕ್ಷಣವಾಗಿ ಮಾತಾಡ್ದ! ನೀನು ಹಿಂದ್ಗಡೆ ಅರ್ಧ ಕಾಣ್ತಿದ್ದೆ."

ಅರ್ಧ. ಆ ಮಾತು ಮಧ್ಯಾಹ್ನದವರೆಗೂ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳಿನಂತೆ ಕೂತಿತ್ತು.

ಹಾಗಾಗಿಯೇ, ಅತೀಕನ ವಿಡಿಯೋದ ಕೆಳಗಿನ ಮಾತುಗಳನ್ನು ಒಂದೊಂದಾಗಿ ಓದುತ್ತ ಹೋದವಳಿಗೆ ಆ ಒಂದು ಸಾಲು ಕಂಡಾಗ, ಅವಳು ಎದ್ದು ನಟರಾಜುವಿನ ಕೋಣೆಗೆ ಹೋಗಲಿಲ್ಲ. ಫೋನನ್ನು ಮಗುಚಿ ಮೇಜಿನ ಮೇಲಿಟ್ಟು ಸುತ್ತ ನೋಡಿದಳು.

ಹೆಸರಿಲ್ಲದ, ಮುಖವಿಲ್ಲದ ಒಂದು ಖಾತೆಯಿಂದ ಬಂದ ಸಾಲು ಅದು. ಅತೀಕ್ ಪೆಟ್ಟು ತಿನ್ನುವ ಹಿಂದಿನ ಸಂಜೆ ಬರೆದದ್ದು. "ಟುಮಾರೋ ಯೂ ವಿಲ್ ಬಿ ದ ಗೋಟ್."

ನಾಳೆ ನೀನೇ ಗೋಟ್.

ಹೊಗಳುವವರು ಇವತ್ತು ಹೊಗಳುತ್ತಾರೆ. ನಾಳೆಯ ಲೆಕ್ಕ ಹಾಕಿ ಯಾರು ಹೊಗಳುತ್ತಾರೆ?

*

"ಎಲ್ಲೀಗೆ ಮೇಡಮ್ಮೋರೆ?" ಎಂದ ಜೀಪಿನ ಡ್ರೈವರ್ ಕೆಂಪರಾಜು.

"ರಾಮನಗರ. ಆಸ್ಪತ್ರೆಗೆ."

"ಇನ್‌ಸ್ಪೆಕ್ಟರ್ ಸಾಹೇಬ್ರಿಗೆ ಹೇಳ್ಬುಟ್ಟು ಓಗನಾ?"

"ಬೇಡ. ನಡಿ."

ಹೆದ್ದಾರಿಯ ಎರಡೂ ಬದಿಯ ಅಂಗಡಿಗಳಲ್ಲಿ ಬಣ್ಣಬಣ್ಣದ ಮರದ ಕುದುರೆಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಶ್ವೇತ ಫೋನಿನಲ್ಲಿ ಆ ಪದವನ್ನು ಬೆನ್ನು ಹತ್ತಿದಳು. ಮೊದಲು ಬಂದದ್ದು ನಟರಾಜು ಹೇಳಿದ ಅರ್ಥವೇ. ಅವಳು ಕೆಳಗೆ, ಇನ್ನೂ ಕೆಳಗೆ ಇಳಿದಳು. ಅಲ್ಲಿ ಇನ್ನೊಂದು ಅರ್ಥ ಸಿಕ್ಕಿತು, ಇದಕ್ಕಿಂತ ಹಳೆಯದು, ಇದಕ್ಕೆ ಪೂರ್ತಿ ತಿರುಗು ಮುರುಗು.

ಅಮೆರಿಕದವರು ಆಟದಲ್ಲಿ ತಂಡವನ್ನು ಸೋಲಿಸಿದವನನ್ನು ಗೋಟ್ ಎನ್ನುತ್ತಿದ್ದರಂತೆ. ಎಲ್ಲರ ತಪ್ಪನ್ನೂ ತಾನೊಬ್ಬನೇ ಹೊರುವವನು. ಮುಂಚೆಲ್ಲ ಅದು ಬರೀ ಬೈಗುಳ. ಹೊಗಳಿಕೆಯಾಗಿ ಹೊರಳಿಕೊಂಡದ್ದು ಈಚೆಗೆ.

ಅವಳ ಎದೆ ಒಂದು ಸಲ ಜೋರಾಗಿ ಹೊಡೆದುಕೊಂಡಿತು. ಭಯಕ್ಕಲ್ಲ. ಇದು ನಟರಾಜುವಿಗೆ ಗೊತ್ತಿಲ್ಲ, ತನಗೆ ಗೊತ್ತು, ಎನ್ನುವುದಕ್ಕೆ.

ಆಸ್ಪತ್ರೆಯ ಕಾರಿಡಾರಿನ ಬೆಂಚಿನಲ್ಲಿ ಅತೀಕನ ಹೆಂಡತಿ ಮುನ್ನೀ ಕಾಲು ಮಡಿಸಿ ಕೂತಿದ್ದಳು. ಬಾಗಿಲ ಗಾಜಿನಾಚೆ ಅತೀಕ್ ಮಲಗಿದ್ದ. ತಲೆಗೆ ಬಿಳಿ ಕಟ್ಟು, ಮೂಗಿಗೆ ಕೊಳವೆ. ಪ್ರಜ್ಞೆ ಬಂದಿರಲಿಲ್ಲ.

"ಮುನ್ನೀ, ಅತೀಕ್ ಮೇಲೆ ಯಾರಾದ್ರೂ ತಪ್ಪು ಹೊರಿಸ್ತಿದ್ರಾ?"

ಮುನ್ನೀ ತಲೆಯೆತ್ತಿ ನೋಡಿದಳು. "ಅಕ್ಕಾ, ಆ ಇನ್ನೊಬ್ರು ಸಾಹೇಬ್ರು ಇದನ್ನ ಕೇಳ್ಲೇ ಇಲ್ಲ."

ಶ್ವೇತ ಅವಳ ಪಕ್ಕ ಕೂತಳು.

"ಹಾರೋಹಳ್ಳಿ ಕಂಪ್ನಿಗೆ ಬೊಂಬೆ ಮಾಡ್ಕೊಡ್ತಿದ್ರಲ್ಲ, ಜಯಕುಮಾರ್ ಸಾರ್ ಕಂಪ್ನಿಗೆ. ಫಾರಿನ್‌ಗೆ ಹೋದ ಮಾಲು ವಾಪಸ್ ಬಂತಂತೆ. ಬಣ್ಣದಲ್ಲಿ ಸೀಸ ಐತೆ, ಮಕ್ಳು ಬಾಯಿಗಿಟ್ರೆ ವಿಷ ಅಂತ. ನಮ್ಮೋರು ಅರಿಸಿನ, ನೀಲಿ, ಕುಂಕುಮ ಬಿಟ್ರೆ ಬೇರೆ ಮುಟ್ಟಿದೋರಲ್ಲ. ಈ ಸಲ ಕಂಪ್ನಿಯಿಂದ್ಲೇ ಬಣ್ಣದ ಡಬ್ಬ ಬಂದಿದ್ವು. ಈಗ ನೋಡಿದ್ರೆ ತಪ್ಪೆಲ್ಲ ಅತೀಕಂದೇ ಅಂತವ್ರೆ ಅಂತ ಪೆಟ್ಟು ಬೀಳೋ ಹಿಂದಿನ ರಾತ್ರಿ ಊಟಾನೂ ಮಾಡ್ಲಿಲ್ಲ."

"ಆಮೇಲೆ?"

"ಡಬ್ಬ ಇನ್ನೂ ಐತೆ, ತೋರುಸ್ತೀನಿ ಅಂದ್ರು. ಗೊತ್ತಿರೋ ದೊಡ್ಡೋರೊಬ್ರಿಗೆ ಹೇಳಿದೀನಿ, ನಾಳೆ ಮಧ್ಯಾಹ್ನ ವರ್ಕ್‌ಶಾಪಿಗೆ ಬತ್ತಾರೆ ಅಂದ್ರು. ಯಾರು ಅಂತ ಹೇಳ್ಲಿಲ್ಲ."

ವರ್ಕ್‌ಶಾಪನ್ನು ಶ್ವೇತ ಮೊನ್ನೆಯೇ ಮೂಲೆ ಮೂಲೆ ನೋಡಿದ್ದಳು. ಮರದ ತುಂಡು, ಉಳಿ, ಹೊಳಪು ಕೊಡುವ ತಾಳೆಗರಿ, ಅರಗಿನ ಕಡ್ಡಿ. ಬಣ್ಣದ ಡಬ್ಬ ಒಂದೂ ಇರಲಿಲ್ಲ.

"ಜಯಕುಮಾರ್ ಎಲ್ಲಿಯೋರು ಗೊತ್ತಾ?"

"ಮಾಗಡಿ ಕಡೆಯೋರು. ವಯಸ್ನಲ್ಲಿ ಅಮೆರಿಕದಲ್ಲಿ ಬಾಳ ವರ್ಷ ಇದ್ರಂತೆ."

ಶ್ವೇತ ಎದ್ದು ನಿಂತಳು. ಗೋಟ್ ಬೈಗುಳವಾಗಿದ್ದ ಕಾಲದಲ್ಲಿ ಅಮೆರಿಕದಲ್ಲಿದ್ದವರು ಈ ಜಿಲ್ಲೆಯಲ್ಲಿ ಎಷ್ಟು ಜನ ಇದ್ದಾರು? ನಟರಾಜುವಿಗೆ ಫೋನು ಮಾಡಬೇಕು ಎಂದು ಒಂದು ಮನಸ್ಸು ಹೇಳಿತು. ಅವನು ಬರುತ್ತಾನೆ, ಕೈ ಕುಲುಕುತ್ತಾನೆ, ಸಂಜೆ ಟೀವಿಯವರ ಮುಂದೆ ನಿಲ್ಲುತ್ತಾನೆ, ತಾನು ಮತ್ತೆ ಹಿಂದ್ಗಡೆ ಅರ್ಧ ಕಾಣುತ್ತೇನೆ ಎಂದಿತು ಇನ್ನೊಂದು.

"ಕೆಂಪರಾಜು, ಹಾರೋಹಳ್ಳಿಗೆ ಬಿಡು. ಕನಕಪುರದ ಮೇಲೆ."

"ಸಾಹೇಬ್ರು ಕೇಳುದ್ರೆ ಏನನ್ಲಿ?"

"ಮೇಡಮ್‌ಗೆ ತಲೆನೋವು, ಮನೆಗೆ ಹೋದ್ರು ಅನ್ನು."

ಕೆಂಪರಾಜು ಅವಳ ಮುಖವನ್ನು ಕನ್ನಡಿಯಲ್ಲಿ ಸ್ವಲ್ಪ ಹೊತ್ತು ನೋಡಿ, ಗೇರು ಬದಲಿಸಿದ.

*

ಜಯಕುಮಾರ್ ಅರವತ್ತು ದಾಟಿದ ನೀಳಕಾಯದ ಮನುಷ್ಯ. ತಲೆಯೆಲ್ಲ ಬೆಳ್ಳಗೆ, ಮಾತು ಮೆತ್ತಗೆ. ಅವರ ಆಫೀಸಿನ ಗಾಜಿನ ಕಪಾಟಿನಲ್ಲಿ ಬೊಂಬೆಗಳು ಸಾಲಾಗಿ ನಿಂತಿದ್ದವು. ನಡುವೆ ಒಂದು ನವಿಲು. ಅದು ಯಾರ ಕೈಯದೆಂದು ಶ್ವೇತಳಿಗೆ ಕೇಳಬೇಕಾಗಿರಲಿಲ್ಲ.

"ಕೂತ್ಕೊಳ್ಳಿ ಮೇಡಂ. ಅತೀಕ್ ಹೇಗಿದ್ದಾನೆ?"

"ಹಾಗೇ ಇದ್ದಾರೆ. ನಿಮ್ಮನ್ನ ಒಂದು ಪದದ ಅರ್ಥ ಕೇಳೋಣ ಅಂತ ಬಂದೆ. ಗೋಟ್."

ಅವರು ನಕ್ಕರು. "ಯಾವ ಕಾಲದ ಗೋಟ್?"

ಶ್ವೇತ ಕುರ್ಚಿ ಎಳೆದು ಕೂತಳು.

"ಈಗಿನ ಹುಡುಗರಿಗೆ ಅದು ಕಿರೀಟ," ಎಂದರು ಜಯಕುಮಾರ್. "ನಾನು ಅಲ್ಲಿ ಬೊಂಬೆ ಫ್ಯಾಕ್ಟರಿಯಲ್ಲಿ ಕೆಲಸ ಮಾಡ್ತಿದ್ದಾಗ ಅದು ಉಗುಳು. ಭಾನುವಾರ ಎಲ್ಲರೂ ಬೇಸ್‌ಬಾಲ್ ಆಡ್ತಿದ್ವಿ. ಯಾರು ಕ್ಯಾಚ್ ಬಿಟ್ಟು ಮ್ಯಾಚ್ ಕಳೀತಾನೋ ಅವನು ಗೋಟ್. ಹಿಂದೆ ಒಂದು ಕಾಲದಲ್ಲಿ ಊರಿನ ಪಾಪವನ್ನೆಲ್ಲ ಒಂದು ಮೇಕೆಯ ತಲೆಗೆ ಹೊರಿಸಿ ಕಾಡಿಗೆ ಅಟ್ಟಿಬಿಡ್ತಿದ್ರಂತಲ್ಲ, ಅದರಿಂದ ಬಂದದ್ದು ಅಂತಾರೆ. ಆಮೇಲೆ ಯಾರೋ ಮೊದಲಕ್ಷರಗಳನ್ನ ಜೋಡಿಸಿ ಅದನ್ನೇ ಹೊಗಳಿಕೆ ಮಾಡಿದ್ರು. ಪದಗಳಿಗೂ ಅದೃಷ್ಟ ತಿರುಗುತ್ತೆ ಮೇಡಂ."

ಶ್ವೇತ ಫೋನು ತೆಗೆದು ಅವರ ಮುಂದಿಟ್ಟಳು. "ಹಾಗಾದ್ರೆ ಇದನ್ನ ಬರೆದವರು ನಿಮ್ಮ ಕಾಲದವರು."

ಅವರು ಕನ್ನಡಕ ಹಾಕಿಕೊಂಡು ಓದಿದರು. ಮುಖದ ನಗು ನಿಧಾನಕ್ಕೆ ಇಳಿಯಿತು.

"ನಾನು ಬರೆದದ್ದು ಅಂತೀರಾ?"

"ಮಾಲು ವಾಪಸ್ ಬಂತು. ಬಣ್ಣ ನಿಮ್ಮ ಕಂಪನಿಯದು. ತಪ್ಪು ಹೊರೋಕೆ ಒಂದು ಮೇಕೆ ಬೇಕಿತ್ತು. ಅತೀಕ್ ಡಬ್ಬ ತೋರಿಸ್ತೀನಿ ಅಂದ. ಯಾರೋ ದೊಡ್ಡೋರು ಬರ್ತೀನಿ ಅಂದಿದ್ರು. ಬಂದ್ರು. ಡಬ್ಬ ಹೋಯ್ತು, ಅವನು ಬಿದ್ದ."

"ಇದನ್ನ ಅವನನ್ನ ಹೆದರಿಸೋಕೆ ಬರೆದ್ರು ಅಂತೀರಾ? ಅವನಿಗೆ ಈ ಅರ್ಥ ಗೊತ್ತೇ ಇಲ್ವಲ್ಲ."

"ಹೆದರಿಸೋಕಲ್ಲ ಸರ್," ಎಂದಳು ಶ್ವೇತ. "ತನ್ನ ಸಂತೋಷಕ್ಕೆ ಬರೆದದ್ದು. ಎಲ್ಲರೂ ಒಬ್ಬನನ್ನ ಹೊಗಳ್ತಿರುವಾಗ, ಅದೇ ಪದದಲ್ಲಿ ಯಾರಿಗೂ ಗೊತ್ತಾಗದ ಹಾಗೆ ಅವನಿಗೆ ಉಗಿಯೋ ಸಂತೋಷ. ಹೊಟ್ಟೆಕಿಚ್ಚಿನೋರಿಗೆ ಅದು ಸಾಕಾಗುತ್ತೆ."

ಜಯಕುಮಾರ್ ಅವಳನ್ನು ಕುತೂಹಲದಿಂದ ನೋಡಿದರು. "ಅದು ನಿಮಗೆ ಚೆನ್ನಾಗಿ ಗೊತ್ತಿದೆ."

ಕಿವಿ ಬಿಸಿಯಾದದ್ದು ಅವಳಿಗೇ ತಿಳಿಯಿತು. "ನನ್ನ ಪ್ರಶ್ನೆಗೆ ಉತ್ತರ ಕೊಡಿ."

ಅವರು ಎದ್ದು ಕಪಾಟಿನ ಬಳಿ ಹೋಗಿ ಆ ನವಿಲನ್ನು ಕೈಗೆತ್ತಿಕೊಂಡರು.

"ಹೊಟ್ಟೆಕಿಚ್ಚು ಇರ್ಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಈ ನವಿಲಿನ ಡಿಸೈನ್ ನಂದು. ವಿದೇಶದಿಂದ ಬಂದೋರು ನನ್ನ ದಾಟ್ಕೊಂಡು ಹೋಗಿ ಅವನ ಕೈ ಹಿಡ್ಕೊಂಡು ಫೋಟೋ ತೆಗೆಸ್ಕೊಂಡ್ರು. ನಾನು ಪಕ್ಕದಲ್ಲಿ ಅವರ ಬ್ಯಾಗ್ ಹಿಡ್ಕೊಂಡು ನಿಂತಿದ್ದೆ. ಆ ರಾತ್ರಿ ನಿದ್ದೆ ಬರ್ಲಿಲ್ಲ. ಅತೀಕ್‌ನ ತಪ್ಪು ಅಂತ ವಿದೇಶಕ್ಕೆ ಉತ್ತರ ಬರೆದೋನೂ ನಾನೇ. ಅದು ನನ್ನ ಪಾಪ. ಆದ್ರೆ ಮೊನ್ನೆ ಇಡೀ ದಿನ ನಾನು ಬೆಂಗಳೂರಲ್ಲಿ, ನೂರು ಜನರ ಮುಂದೆ, ರಫ್ತುದಾರರ ಸಭೆಯಲ್ಲಿದ್ದೆ. ವಿಚಾರಿಸ್ಕೊಳ್ಳಿ."

ಶ್ವೇತ ಮೇಜಿನ ಮೇಲಿದ್ದ ಫೋನನ್ನು ಎತ್ತಿ ಹಿಡಿದಳು. "ಹಾಗಾದ್ರೆ ಬರೆದೋರು ಯಾರು? ಈ ಹಳೇ ಅರ್ಥ ಇಲ್ಲಿ ಇನ್ಯಾರಿಗೆ ಗೊತ್ತು?"

"ನಾನು ಕಲಿಸಿದೋರಿಗೆ."

ಅವರು ಗೋಡೆಯ ಕಡೆ ಕೈ ತೋರಿಸಿದರು. ಅಲ್ಲೊಂದು ಮಾಸಿದ ಫೋಟೋ. ಇದೇ ಕಂಪನಿಯ ಹಿಂದಿನ ಮೈದಾನ. ಟೋಪಿ ಹಾಕಿ, ಕೈಗೆ ದಪ್ಪ ಚರ್ಮದ ಗವಸು ತೊಟ್ಟು ನಿಂತ ಒಂದಷ್ಟು ಹುಡುಗರು.

"ಕಂಪನಿ ಶುರು ಮಾಡಿದ ಹೊಸದರಲ್ಲಿ ನಮ್ಮ ಕೆಲಸಗಾರರಿಗೆ ಬೇಸ್‌ಬಾಲ್ ಕಲಿಸಿದ್ದೆ. ಬೆಂಗಳೂರಿನ ಒಂದು ತಂಡದ ಮೇಲೆ ಮ್ಯಾಚ್ ಇತ್ತು. ಗೆದ್ದೇ ಬಿಟ್ವಿ ಅನ್ನೋವಾಗ ನಮ್ಮ ಗೋಡೌನ್ ಸೂಪರ್‌ವೈಸರ್ ಒಂದು ಸುಲಭದ ಕ್ಯಾಚ್ ಕೈಬಿಟ್ಟ. ಅವತ್ತಿಂದ ಅವನು ಕೆಲಸ ಬಿಡೋವರೆಗೂ ಎಲ್ಲರೂ ಅವನನ್ನ ಹೆಸರು ಹಿಡಿದು ಕರೀಲೇ ಇಲ್ಲ. ಗೋಟ್ ಬಾ, ಗೋಟ್ ಹೋಗು. ಊಟಕ್ಕೆ ಕೂತ್ರೆ ಮುಂದೆ ಸೊಪ್ಪು ಹಾಕ್ತಿದ್ರು. ನಾನೂ ನಗ್ತಿದ್ದೆ. ಆಮೇಲೆ ಅವನು ಪೊಲೀಸ್ ಪರೀಕ್ಷೆ ಬರೆದು ಹೊರಟುಹೋದ."

ಶ್ವೇತ ಫೋಟೋದ ಹತ್ತಿರ ಹೋದಳು. ಎಡಗಡೆಯ ತುದಿಯಲ್ಲಿ, ಉಳಿದವರಿಂದ ಒಂದು ಮೊಳ ದೂರದಲ್ಲಿ, ಮೀಸೆ ಇನ್ನೂ ಸರಿಯಾಗಿ ಮೂಡದ ಮುಖ.

ನಟರಾಜು.

ಇರೋದು ಅದೊಂದೇ ಅರ್ಥ ಎಂದಿದ್ದ.

"ಅವನನ್ನ ಹಳಿದ ಪದದಿಂದಲೇ ಲೋಕವೆಲ್ಲ ಅತೀಕ್‌ನ ಹೊಗಳ್ತಿದ್ರೆ, ಅವನಿಗೆ ಹೇಗಾಗಿರಬೇಡ?" ಎಂದರು ಜಯಕುಮಾರ್ ಪಕ್ಕಕ್ಕೆ ಬಂದು. "ಇನ್ನೊಂದು ವಿಷಯ. ಆ ಬಣ್ಣದ ಡಬ್ಬ ನಮಗೆ ಸಪ್ಲೈ ಮಾಡಿದೋನು ಅವನ ಬಾಮೈದ. ಅತೀಕ್‌ಗೆ ಪೊಲೀಸರಲ್ಲಿ ಗೊತ್ತಿದ್ದವನೂ ಅವನೊಬ್ಬನೇ. ಇದೇ ಗೋಡೌನಲ್ಲಿ ಪರಿಚಯ."

ಮೊದಲು ಅವಳಿಗೆ ಆದದ್ದು ಸಂತೋಷ. ಹೊಟ್ಟೆಯ ಆಳದಿಂದ ಎದ್ದು ಮುಖಕ್ಕೆಲ್ಲ ಹರಡಿದ ಬೆಚ್ಚನೆಯ ಸಂತೋಷ. ಕೈಕೋಳ ತೊಟ್ಟ ನಟರಾಜು, ಟೀವಿಯವರ ಮುಂದೆ ತಾನು. ಆ ಚಿತ್ರ ಕಣ್ಣ ಮುಂದೆ ಎಷ್ಟು ಸಲೀಸಾಗಿ ಬಂದು ನಿಂತಿತೆಂದರೆ, ಅವಳಿಗೇ ದಿಗಿಲಾಯಿತು. ನಿಜವೆನ್ನುವ ಕಾರಣಕ್ಕೆ ನಂಬುತ್ತಿದ್ದೇನೆಯೋ, ಬೇಕಾಗಿದೆ ಎನ್ನುವ ಕಾರಣಕ್ಕೋ?

"ಇದನ್ನೆಲ್ಲ ಮೊದಲೇ ಯಾಕೆ ಹೇಳ್ಲಿಲ್ಲ?"

"ಕೇಸು ಹಿಡಿದಿರೋನೇ ಅವನು. ಯಾರ ಹತ್ರ ಹೇಳ್ಲಿ?" ಜಯಕುಮಾರ್ ನವಿಲನ್ನು ಮತ್ತೆ ಕಪಾಟಿನಲ್ಲಿಟ್ಟರು. "ಫೋಟೋದಲ್ಲಿ ಅವನ ಗುರುತು ಹಿಡಿದ ಕೂಡ್ಲೇ ನಿಮ್ಮ ಮುಖ ಅರಳಿತು ಮೇಡಂ. ಅದಕ್ಕೇ ಬಾಮೈದನ ಮಾತನ್ನೂ ಹೇಳಿದೆ."

ಅವಳು ಬಾಯಿ ತೆರೆಯುವಷ್ಟರಲ್ಲಿ ಫೋನು ಬಡಿದುಕೊಂಡಿತು. ಮುನ್ನೀ.

"ಅಕ್ಕಾ! ನಮ್ಮೋರು ಕಣ್ ಬಿಟ್ರು! ತುಟಿ ಅಲ್ಲಾಡ್ಸಿದ್ರು!"

"ಹತ್ರ ಯಾರಿದ್ದಾರೆ?"

"ಆ ಇನ್‌ಸ್ಪೆಕ್ಟರ್ ಸಾಹೇಬ್ರು ಬಂದವ್ರೆ. ಹೇಳಿಕೆ ತಗೋಬೇಕು ಅಂತ ನನ್ನೂ ನರ್ಸಮ್ಮನ್ನೂ ಆಚೆಗೆ ಕಳಿಸಿ ಬಾಗಿಲು ಹಾಕ್ಕೊಂಡವ್ರೆ. ಗಾಜಿಗೂ ಪರದೆ ಎಳೆದವ್ರೆ."

ರಾಮನಗರ ಇಲ್ಲಿಂದ ಒಂದು ಗಂಟೆಯ ದಾರಿ. ಎಸ್ಪಿಗೆ ಫೋನು ಮಾಡಬಹುದು. ಏನೆಂದು? ನನ್ನ ಬ್ಯಾಚಿನವನ ಮೇಲೆ ಅನುಮಾನ, ಸಾಕ್ಷಿ ಒಂದು ಪದ, ಹೇಳಿದವರು ಇನ್ನೊಬ್ಬ ಆರೋಪಿ ಎಂದೆ? ಸುಳ್ಳಾದರೆ ಇಡೀ ಇಲಾಖೆ ಅವಳ ಹೊಟ್ಟೆಕಿಚ್ಚನ್ನು ಹೆಸರಿಟ್ಟು ಕರೆಯುತ್ತದೆ.

"ಮುನ್ನೀ, ಬಾಗಿಲು ಬಡಿ. ಈಗ್ಲೇ. ತೆಗೀಲಿಲ್ಲ ಅಂದ್ರೆ ಕಿರುಚು. ಡಾಕ್ಟರನ್ನ ಕರಿ, ಜನಾನ ಸೇರ್ಸು. ನಾನು ಹೇಳ್ತಿದೀನಿ, ಬಡಿ!"

ಬಡಿದ ಸದ್ದು ಫೋನಿನಲ್ಲಿ ಕೇಳಿತು. ಮತ್ತೆ ಬಡಿದ ಸದ್ದು. ಚಿಲಕ ಜಾರಿತು. ಯಾರೋ ಏನೋ ಮೆಲ್ಲಗೆ ಹೇಳಿದರು. ಆಮೇಲೆ ಮುನ್ನೀಯ ಕಂಠದಿಂದ ಎದ್ದ ಗೋಳಿಗೆ ಶ್ವೇತ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು.

ಫೋನು ಕೈ ಬದಲಾಯಿತು.

"ಶ್ವೇತ?" ನಟರಾಜುವಿನ ದನಿ. ಎಂದಿನ ಖಚಿತ ದನಿಯಲ್ಲ, ಉಸಿರು ಕಟ್ಟಿದ ದನಿ. "ಅತೀಕ್ ಹೋಗ್ಬುಟ್ಟ. ನನ್ನ ಕೈ ಹಿಡ್ಕೊಂಡೇ ಹೋದ. ಹೋಗೋ ಮುಂಚೆ ಒಂದು ಹೆಸರು ಹೇಳ್ದ."

"ಯಾರ ಹೆಸರು?"

"ಜಯಕುಮಾರ್. ತಾನು ಬರೋ ಬದ್ಲು ಆಳು ಕಳ್ಸಿದ್ನಂತೆ. ನೀನು ಮನೇಲಿಲ್ಲ ಅಂತ ಗೊತ್ತು, ಕೆಂಪರಾಜು ಹೇಳ್ದ. ಅಲ್ಲೇ ಇದ್ರೆ ಅವನನ್ನ ಬಿಡ್ಬೇಡ. ನಾನು ಬತ್ತಾ ಇದೀನಿ."

"ಅವನು ಹೇಳಿದ್ದನ್ನ ಇನ್ಯಾರು ಕೇಳಿದ್ರು?"

ಆ ಕಡೆ ಒಂದು ಗಳಿಗೆ ಮುನ್ನೀಯ ಅಳು ಮಾತ್ರ.

"ನಾನು ಕೇಳ್ದೆ," ಎಂದ ನಟರಾಜು. ಫೋನು ಇಟ್ಟ.

ಶ್ವೇತ ನಿಧಾನವಾಗಿ ತಿರುಗಿದಳು. ನಟರಾಜುವಿನ ಮಾತು ಅವಳ ಕಿವಿಯಿಂದಾಚೆ ಯಾರಿಗೂ ಕೇಳಿರಲು ಸಾಧ್ಯವಿರಲಿಲ್ಲ. ಜಯಕುಮಾರ್ ಮೇಜಿನ ಹಿಂದೆ ಕೂತು, ಎರಡೂ ಕೈಗಳನ್ನು ಅವಳಿಗೆ ಕಾಣುವಂತೆ ಮುಂದೆ ಚಾಚಿಟ್ಟಿದ್ದರು.

"ಅತೀಕ್ ಸತ್ತ," ಎಂದರು ಅವರು. "ನನ್ನ ಹೆಸರು ಹೇಳಿ ಸತ್ತ ಅಂದ್ನಾ?"

ಗೋಳು ಕೇಳಿ ಸಾವನ್ನು ಊಹಿಸಿರಬಹುದು; ಆ ಹೆಸರನ್ನು ಮಾತ್ರ ಶ್ವೇತ ಬಾಯಿಬಿಟ್ಟು ಹೇಳಿರಲಿಲ್ಲ.